ಹಳೆಯ ಜೀಪಿಗೆ ಮೂಲ ಇಂಜಿನ್ ಮರಳಿಸುವ ಮುನ್ನ: ಸವೆದ ಭಾಗಗಳನ್ನು ಓದುವ ಬಗೆ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಇಂದಿಗೂ ಗೊಬ್ಬರದ ಚೀಲ ಹೊತ್ತು ಏರು ಹತ್ತುವ ಹಳೆಯ ಮಹೀಂದ್ರ ಜೀಪುಗಳ ಬಾನೆಟ್ ಎತ್ತಿ ನೋಡಿದರೆ, ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಇಂಜಿನ್ ಅದರಲ್ಲಿ ಉಳಿದಿರುವುದು ಅಪರೂಪ. ಡೀಸೆಲ್‌ಗಿಂತ ಪೆಟ್ರೋಲ್ ಬಹಳ ದುಬಾರಿಯಾಗಿದ್ದ ದಶಕಗಳಲ್ಲಿ ಎಷ್ಟೋ ಸಿಜೆ-3ಬಿ ಮಾದರಿಯ ಜೀಪುಗಳಿಂದ ಹರಿಕೇನ್ ಪೆಟ್ರೋಲ್ ಇಂಜಿನ್ನನ್ನು ಇಳಿಸಿ ಡೀಸೆಲ್ ಇಂಜಿನ್ ಕೂರಿಸಲಾಯಿತು. ಇಳಿಸಿದ ಇಂಜಿನ್ ಕೊಟ್ಟಿಗೆಯ ಮೂಲೆ ಸೇರಿತು, ಇಲ್ಲವೇ ಗುಜರಿಗೆ ಹೋಯಿತು. ಈಗ ಅದೇ ಜೀಪುಗಳನ್ನು ಹುಟ್ಟಿದ ರೂಪಕ್ಕೆ ತರಬೇಕೆಂದು ಹಂಬಲಿಸುವವರು ಆ ಕೊಟ್ಟಿಗೆಗಳನ್ನೂ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ತಡಕಾಡಿ, ತುಕ್ಕು ಹಿಡಿದ ಒಂದು ಹರಿಕೇನ್ ಇಂಜಿನ್ನನ್ನು ಹೇಗೋ ಸಂಪಾದಿಸಿ ವರ್ಕ್‌ಶಾಪಿಗೆ ತರುತ್ತಾರೆ. ಅಲ್ಲಿಂದ ಮುಂದೆ ಏಳುವ ಪ್ರಶ್ನೆ ಸುಲಭದ್ದಲ್ಲ. ದಶಕಗಳ ಕಾಲ ದುಡಿದು, ಆಮೇಲೆ ದಶಕಗಳ ಕಾಲ ಸುಮ್ಮನೆ ಬಿದ್ದಿದ್ದ ಈ ಇಂಜಿನ್ನಿನಲ್ಲಿ ಯಾವ ಭಾಗವನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಲೇತ್‌ಗೆ ಕಳಿಸಬೇಕು, ಯಾವುದನ್ನು ಬಿಟ್ಟುಕೊಡಬೇಕು?

ಬಹುತೇಕ ಕಡೆ ಈ ಪ್ರಶ್ನೆಗೆ ಕಣ್ಣಂದಾಜಿನಲ್ಲೇ ಉತ್ತರ ಸಿಗುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಬದಲಿಸಿ, ಬೇರಿಂಗ್ ಬದಲಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಬಣ್ಣ ಬಳಿದು ಕೂರಿಸಲಾಗುತ್ತದೆ. ಕೆಲವೇ ಸಾವಿರ ಕಿಲೋಮೀಟರಿನೊಳಗೆ ಹೊಗೆಯೂ ಸದ್ದೂ ಮರಳಿ ಬಂದಾಗ ಬಿಡಿಭಾಗದ ಗುಣಮಟ್ಟವನ್ನು ದೂರಲಾಗುತ್ತದೆ. ಒಂದು ಭಾಗ ಎಷ್ಟು ಸವೆದಿದೆ ಎಂದು ಅಳೆಯುವುದು ಅರ್ಧ ಕೆಲಸ ಮಾತ್ರ. ಅದು ಯಾಕೆ ಸವೆಯಿತು ಎಂಬುದು ತಿಳಿಯುವವರೆಗೆ ಅದರ ಜಾಗದಲ್ಲಿ ಹೊಸದನ್ನು ಕೂರಿಸಬಾರದು. ಸವೆತದ ಕಾರಣ ಇಂಜಿನ್ನಿನ ಒಳಗೇ ಉಳಿದಿದ್ದರೆ ಹೊಸ ಭಾಗವೂ ಅದೇ ದಾರಿ ಹಿಡಿಯುತ್ತದೆ. ಮುಂದಿನ ವಿವರಣೆಯೆಲ್ಲ ಈ ಒಂದು ವಿಚಾರವನ್ನು ಆಧರಿಸಿದೆ.

ಮೊದಲು ಇಂಜಿನ್ನಿನ ಸ್ವಭಾವವನ್ನು ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿದ್ದದ್ದು 'ಗೋ ಡೆವಿಲ್' ಎಂದು ಹೆಸರಾದ ನಾಲ್ಕು ಸಿಲಿಂಡರಿನ ಇಂಜಿನ್. ಅದರ ಬೋರ್ (ಸಿಲಿಂಡರಿನ ಒಳಕೊಳವೆಯ ವ್ಯಾಸ) 79.375 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಒಮ್ಮೆ ಏರುವ ಅಥವಾ ಇಳಿಯುವ ದೂರ) 111.125 ಮಿ.ಮೀ., ಗಾತ್ರ ಸುಮಾರು 2,199 ಸಿಸಿ. 1953ರಲ್ಲಿ ಸಿಜೆ-3ಬಿ ಬಂದಾಗ ಅದೇ ಬೋರ್ ಮತ್ತು ಸ್ಟ್ರೋಕ್ ಉಳಿಸಿಕೊಂಡ ಹರಿಕೇನ್ ಇಂಜಿನ್ ಅದರೊಳಗೆ ಸೇರಿತು. ಗೋ ಡೆವಿಲ್‌ನಲ್ಲಿ ಇಂಧನ ಮತ್ತು ಗಾಳಿಯನ್ನು ಒಳಬಿಡುವ ಇನ್‌ಲೆಟ್, ಹೊಗೆ ಹೊರಬಿಡುವ ಎಕ್ಸಾಸ್ಟ್ ಎರಡೂ ಬಗೆಯ ವಾಲ್ವ್‌ಗಳು ಇಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್‌ನಲ್ಲಿದ್ದರೆ, ಹರಿಕೇನ್‌ನಲ್ಲಿ ಇನ್‌ಲೆಟ್ ವಾಲ್ವ್ ಮೇಲಿನ ಹೆಡ್‌ಗೆ ಏರಿತು, ಎಕ್ಸಾಸ್ಟ್ ವಾಲ್ವ್ ಮಾತ್ರ ಬ್ಲಾಕ್‌ನಲ್ಲೇ ಉಳಿಯಿತು. ಹೀಗೆ ಇಂಜಿನ್ ಎತ್ತರವಾದ್ದರಿಂದಲೇ ಸಿಜೆ-3ಬಿಯ ಬಾನೆಟ್ ಅಷ್ಟು ಎತ್ತರವಾಗಿ ಕಾಣುತ್ತದೆ. ಪರೀಕ್ಷೆಯ ದೃಷ್ಟಿಯಿಂದ ಎರಡು ಅಂಶಗಳು ಮುಖ್ಯ. ಬೋರ್‌ಗಿಂತ ಸ್ಟ್ರೋಕ್ ಬಹಳ ಉದ್ದವಾಗಿರುವುದರಿಂದ ಪ್ರತಿ ಸುತ್ತಿನಲ್ಲೂ ಪಿಸ್ಟನ್ ಹೆಚ್ಚು ದೂರ ಉಜ್ಜಿಕೊಂಡು ಸಾಗುತ್ತದೆ. ಅಲ್ಲದೆ, ಪಿಸ್ಟನ್ನಿನ ಏರಿಳಿತವನ್ನು ಸುತ್ತುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟನ್ನು ಹಿಡಿದಿರುವುದು ಕೇವಲ ಮೂರು ಮೇನ್ ಬೇರಿಂಗ್‌ಗಳು.

ಕೊಳ್ಳುವ ಮುನ್ನ ಇನ್ನೊಂದು ಮಾತು. ಬ್ಲಾಕ್‌ನ ಮುಂಭಾಗದಲ್ಲಿ, ವಾಟರ್ ಪಂಪ್ ಕೂರುವ ಜಾಗದ ಬಳಿ, ಇಂಜಿನ್ ನಂಬರನ್ನು ಕೊರೆದಿರುತ್ತಾರೆ. ಇಂಜಿನ್ ಬದಲಾದರೆ, ಅದರಲ್ಲೂ ಡೀಸೆಲ್‌ನಿಂದ ಪೆಟ್ರೋಲ್‌ಗೆ ಬದಲಾದರೆ, ಅದನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಿ ಆರ್‌ಸಿಯನ್ನು ತಿದ್ದಿಸಬೇಕಾಗುತ್ತದೆ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಬಂದ ಕೇಂದ್ರದ ನಿಯಮವೂ ವಾಹನ ಮೂಲ ರೂಪದಲ್ಲಿರಬೇಕೆಂದು ಕೇಳುತ್ತದೆ. ಆದ್ದರಿಂದ ನಂಬರ್ ಅಳಿಸಿಹೋಗಿರುವ ಅಥವಾ ಉಜ್ಜಿ ತೆಗೆದಿರುವ ಬ್ಲಾಕನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಮನೆಗೆ ತರದಿರುವುದು ಒಳ್ಳೆಯದು.

ಬಿಚ್ಚುವ ಮೊದಲೇ ಸಿಗುವ ಸಾಕ್ಷ್ಯ

ಇಂಜಿನ್ ತಿರುಗುತ್ತಿದ್ದರೆ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿ, ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆಂದು ಗೇಜಿನಿಂದ ಅಳೆಯಬೇಕು. ಆರೋಗ್ಯವಾಗಿರುವ ಹರಿಕೇನ್ ಸ್ಟಾರ್ಟರ್ ವೇಗದಲ್ಲಿ ಸುಮಾರು 120 ಪಿಎಸ್ಐ (ಚದರ ಇಂಚಿಗೆ ಪೌಂಡ್) ತೋರಿಸುತ್ತದೆ. ಆದರೆ ಒಂದೇ ಸಿಲಿಂಡರಿನ ಅಂಕಿಯಿಂದ ತಿಳಿಯುವುದು ಕಡಿಮೆ. ನಾಲ್ಕೂ ಸಿಲಿಂಡರಿನ ಅಂಕಿಗಳ ನಡುವಿನ ವ್ಯತ್ಯಾಸ 10 ಪಿಎಸ್ಐ ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದೆರಡು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್ ಮತ್ತು ಬೋರ್ ಕಡೆಗಿದೆ; ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಗಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಬಿದ್ದುಹೋಗಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು.

ಇಂಜಿನ್ ತಿರುಗದಂತೆ ಸೀಜ್ ಆಗಿದ್ದರೆ ಜೀಪಿಗೆ ಕಟ್ಟಿ ಎಳೆಯುವುದು, ಉದ್ದನೆಯ ಪೈಪ್ ಹಾಕಿ ಬಲವಂತವಾಗಿ ತಿರುಗಿಸುವುದು ಬೇಡ. ನಿಂತಾಗ ವಾಲ್ವ್ ತೆರೆದುಕೊಂಡಿದ್ದ ಸಿಲಿಂಡರಿನೊಳಗೆ ಮಳೆಗಾಲದ ತೇವ ಇಳಿದು, ರಿಂಗ್‌ಗಳು ಬೋರ್‌ಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಬಲ ಹಾಕಿದರೆ ರಿಂಗ್ ಮುರಿಯುತ್ತದೆ, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡುಗಳ ನಡುವಿನ ಅಂಚು ಒಡೆಯುತ್ತದೆ. ತೆಳುವಾದ ಎಣ್ಣೆಯನ್ನು ಸುರಿದು ದಿನಗಟ್ಟಲೆ ನೆನೆಸಿ, ಹೆಡ್ ತೆಗೆದು, ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲ್‌ನಿಂದ ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ಆಡಿಸಬೇಕು. ಮಲೆನಾಡಿನ ಕೊಟ್ಟಿಗೆಯಲ್ಲಿ ಹತ್ತಾರು ಮುಂಗಾರು ಕಂಡ ಇಂಜಿನ್‌ಗೆ ಒಂದು ವಾರ ಕೊಡುವುದು ಹೆಚ್ಚೇನಲ್ಲ.

ಇಂಜಿನ್ನಿನ ಅಡಿಯ ಎಣ್ಣೆತೊಟ್ಟಿಯಾದ ಸಂಪ್ ಬಿಚ್ಚಿದಾಗ ತಳದ ಕೆಸರನ್ನು ತೊಳೆದು ಚೆಲ್ಲುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದನ್ನು ಚೆಲ್ಲಬಾರದು. ಬಿಳಿ ಬಟ್ಟೆಯ ಮೇಲೆ ಹರಡಿ, ಅಯಸ್ಕಾಂತ ಆಡಿಸಿ ನೋಡಬೇಕು. ಅಂಟುವ ಚೂರುಗಳು ಕಬ್ಬಿಣ ಅಥವಾ ಉಕ್ಕಿನವು, ಅಂದರೆ ರಿಂಗ್, ಬೋರ್, ವಾಲ್ವ್ ಎತ್ತುವ ಟ್ಯಾಪೆಟ್ ಅಥವಾ ಗೇರಿನವು. ಅಂಟದ, ಬೂದು ಬಣ್ಣದ ಮೆತ್ತನೆಯ ಪದರಗಳು ಬೇರಿಂಗಿನ ಬಿಳಿ ಲೋಹದ್ದು. ಹೊಳಪಿನ ಹಗುರ ಚೂರು ಅಲ್ಯೂಮಿನಿಯಂ ಪಿಸ್ಟನ್ನಿನದು. ಕಂದು ಬಣ್ಣದ ನಾರಿನಂಥ ತುಣುಕು ಸಿಕ್ಕರೆ ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟಿನ ಫೈಬರ್ ಟೈಮಿಂಗ್ ಗೇರಿನ ಹಲ್ಲು ಹೋಗುತ್ತಿದೆ ಎಂದರ್ಥ. ಇಂಜಿನ್ನಿನ ಒಳಗೆ ಏನೇನು ನಡೆದಿದೆ ಎಂಬುದರ ಅರ್ಧ ಚರಿತ್ರೆ ಈ ಕೆಸರಿನಲ್ಲೇ ಇರುತ್ತದೆ.

ಬಿಚ್ಚುವಾಗ ಪ್ರತಿ ಭಾಗವೂ ಯಾವ ಸಿಲಿಂಡರಿನದು, ಯಾವ ದಿಕ್ಕಿಗೆ ಇತ್ತು ಎಂದು ಗುರುತು ಹಾಕಿ ಸಾಲಾಗಿ ಜೋಡಿಸಬೇಕು. ಈ ಇಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳ ದೊಡ್ಡ ತುದಿ ನಡುಗೆರೆಯಿಂದ ಒಂದು ಬದಿಗೆ ಸರಿದಿರುವುದರಿಂದ, ಅದಲುಬದಲಾದರೆ ಅವು ಕ್ರ್ಯಾಂಕ್‌ನ ಬದಿಗೆ ಉಜ್ಜುತ್ತವೆ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದರೆ ಭಾಗಗಳೇನೋ ಶುಚಿಯಾಗುತ್ತವೆ, ಆದರೆ ಯಾವ ಸವೆತ ಯಾವುದರ ಎದುರು ಆಯಿತೆಂಬ ಸಂಬಂಧ ಕಳೆದುಹೋಗುತ್ತದೆ.

ಬೋರ್: ಎಲ್ಲಿ, ಎಷ್ಟು, ಯಾಕೆ

ಸಿಲಿಂಡರ್ ಮೇಲಿಂದ ಕೆಳಗೆ ಸಮನಾಗಿ ಸವೆಯುವುದಿಲ್ಲ. ಪಿಸ್ಟನ್ ಮೇಲಿನ ತುದಿಗೆ ಬಂದು ಒಂದು ಕ್ಷಣ ನಿಂತು ಹಿಂದಿರುಗುವಾಗ ಎಣ್ಣೆಯ ಪದರ ಅತಿ ತೆಳುವಾಗಿರುತ್ತದೆ. ಅದೇ ಹೊತ್ತಿನಲ್ಲಿ ಉರಿಯುವ ಅನಿಲದ ಒತ್ತಡ ಮೊದಲ ರಿಂಗಿನ ಹಿಂಬದಿಗೆ ಸೇರಿ ಅದನ್ನು ಬೋರ್‌ಗೆ ಬಲವಾಗಿ ಒತ್ತುತ್ತದೆ. ಆದ್ದರಿಂದ ಮೊದಲ ರಿಂಗ್ ತಿರುಗುವ ಜಾಗದಲ್ಲಿ ಸವೆತ ಅತಿ ಹೆಚ್ಚು, ಅದರ ಮೇಲೆ ರಿಂಗ್ ಮುಟ್ಟದ ಭಾಗದಲ್ಲಿ ಸವೆತವೇ ಇಲ್ಲ. ಇವೆರಡರ ನಡುವೆ ಉಗುರಿಗೆ ತಾಕುವ ಒಂದು ಅಂಚು ಏಳುತ್ತದೆ. ಕೆಳಭಾಗದಲ್ಲಿ ಬೋರ್ ಬಹುತೇಕ ಮೊದಲಿನಂತೆಯೇ ಇರುತ್ತದೆ. ಮೇಲಿನ ಮತ್ತು ಕೆಳಗಿನ ವ್ಯಾಸಗಳ ನಡುವಿನ ವ್ಯತ್ಯಾಸಕ್ಕೆ ಟೇಪರ್ ಎಂದು ಹೆಸರು. ಇದಲ್ಲದೆ, ಶಕ್ತಿಯ ಸ್ಟ್ರೋಕ್‌ನಲ್ಲಿ ಕನೆಕ್ಟಿಂಗ್ ರಾಡ್ ಓರೆಯಾಗಿ ನಿಲ್ಲುವುದರಿಂದ ಪಿಸ್ಟನ್ ಒಂದು ಬದಿಯ ಗೋಡೆಗೆ ಒತ್ತಲ್ಪಡುತ್ತದೆ. ಹೀಗಾಗಿ ಬೋರ್ ವೃತ್ತದಿಂದ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಆದ್ದರಿಂದ ಬೋರನ್ನು ಒಂದು ಕಡೆ ಅಳೆದರೆ ಸಾಲದು. ಆ ಅಂಚಿನ ಕೆಳಗೆ, ನಡುವೆ ಮತ್ತು ತಳದಲ್ಲಿ, ಪ್ರತಿ ಎತ್ತರದಲ್ಲೂ ಕ್ರ್ಯಾಂಕ್‌ನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಬೋರ್ ಗೇಜಿನಿಂದ ಅಳೆದು, ಒಂದು ಸಿಲಿಂಡರಿಗೆ ಆರು ಅಂಕಿಗಳನ್ನು ಬರೆದುಕೊಳ್ಳಬೇಕು. ಬೋರ್ ಗೇಜ್ ಇಲ್ಲದಿದ್ದರೆ ಒಂದು ಹಳೆಯ ಉಪಾಯವಿದೆ. ಹೊಸ ರಿಂಗೊಂದನ್ನು ಪಿಸ್ಟನ್ನಿನ ತಲೆಯಿಂದ ನೇರವಾಗಿ ಬೋರ್‌ನೊಳಗೆ ತಳ್ಳಿ, ತಳದಲ್ಲೂ ಮೇಲೂ ಅದರ ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ನೋಡಬೇಕು. ಪರಿಧಿ ವ್ಯಾಸದ 3.14 ಪಟ್ಟು ಇರುವುದರಿಂದ, ಅಂತರದ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಟೇಪರ್ ಸಿಗುತ್ತದೆ. ತಳದಲ್ಲಿ 0.30 ಮಿ.ಮೀ., ಮೇಲೆ 0.68 ಮಿ.ಮೀ. ಅಂತರವಿದ್ದರೆ ವ್ಯತ್ಯಾಸ 0.38, ಟೇಪರ್ ಸುಮಾರು 0.12 ಮಿ.ಮೀ. ಮೊಟ್ಟೆಯಾಕಾರ ಎಷ್ಟಿದೆ ಎಂಬುದು ಈ ಉಪಾಯದಿಂದ ಗೊತ್ತಾಗುವುದಿಲ್ಲ. ಆದರೂ ಗುಜರಿ ಅಂಗಡಿಯ ಮುಂದೆ ನಿಂತು ನಿರ್ಧಾರ ಮಾಡಬೇಕಾದಾಗ ಇಷ್ಟು ಸಾಕು.

ಟೇಪರ್ ಇರುವ ಬೋರ್‌ಗೆ ಹೊಸ ರಿಂಗ್ ಹಾಕುವುದು ಯಾಕೆ ವ್ಯರ್ಥವೆಂಬುದೂ ಇದೇ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಪಿಸ್ಟನ್ ಒಮ್ಮೆ ಏರುವಾಗ ರಿಂಗ್ ಬಿಚ್ಚಿಕೊಳ್ಳಬೇಕು, ಇಳಿಯುವಾಗ ಮುದುಡಿಕೊಳ್ಳಬೇಕು. ನಿಮಿಷಕ್ಕೆ 3,000 ಸುತ್ತಿನಲ್ಲಿ ಅದು ಸೆಕೆಂಡಿಗೆ 50 ಸಲ ಬಿಚ್ಚಿ 50 ಸಲ ಮುದುಡುತ್ತದೆ. ಅಷ್ಟು ವೇಗಕ್ಕೆ ರಿಂಗ್ ಗೋಡೆಯನ್ನು ಹಿಂಬಾಲಿಸಲಾರದೆ ಅನಿಲ ಕೆಳಗೆ ನುಗ್ಗುತ್ತದೆ, ಎಣ್ಣೆ ಮೇಲೆ ಏರುತ್ತದೆ, ಕೊನೆಗೆ ರಿಂಗೇ ದಣಿದು ಮುರಿಯುತ್ತದೆ. ಅಷ್ಟೇ ಅಲ್ಲ, ಮೇಲಿನ ಅಂಚನ್ನು ಕೆತ್ತಿ ತೆಗೆಯದೆ ಹೊಸ ರಿಂಗ್ ಹಾಕಿದರೆ ಅದರ ಚೂಪು ಮೂಲೆ ಆ ಅಂಚಿಗೆ ಬಡಿದು ಮೊದಲ ದಿನವೇ ತುಂಡಾಗಬಹುದು.

ಲೇತ್ ಅಂಗಡಿಗಳಲ್ಲಿ 'ಥೌ' ಎನ್ನುವುದು ಇಂಚಿನ ಸಾವಿರದ ಒಂದು ಭಾಗ, ಅಂದರೆ 0.0254 ಮಿ.ಮೀ. ಈ ಗಾತ್ರದ ಹಳೆಯ ಇಂಜಿನ್‌ಗಳಲ್ಲಿ ಟೇಪರ್ ಸುಮಾರು 5 ಥೌ ಮುಟ್ಟಿದರೆ ರೀಬೋರ್ ಮಾಡಿಸುವುದು, ಅಂದರೆ ಬೋರನ್ನು ಸಮನಾಗಿ ದೊಡ್ಡದಾಗಿ ಕೊರೆಸುವುದು, ವಾಡಿಕೆ. ಎಷ್ಟು ಓವರ್‌ಸೈಜ್‌ಗೆ (ಮೂಲಕ್ಕಿಂತ ಎಷ್ಟು ದೊಡ್ಡ ಅಳತೆಗೆ) ಎಂಬಲ್ಲಿ ಅನೇಕರು ಎಡವುತ್ತಾರೆ. ಉದಾಹರಣೆಗೆ, 79.375 ಮಿ.ಮೀ. ಇರಬೇಕಾದ ಬೋರ್ ಮೇಲ್ಭಾಗದಲ್ಲಿ ಅಡ್ಡಕ್ಕೆ 79.53 ಇದೆ ಎಂದುಕೊಳ್ಳೋಣ. ಸವೆತ 0.155 ಮಿ.ಮೀ., ಅಂದರೆ ಸುಮಾರು 6 ಥೌ. 10 ಥೌ ಓವರ್‌ಸೈಜ್ ಸಾಕಲ್ಲವೇ ಎನಿಸುತ್ತದೆ. ಆದರೆ ಆ ಸವೆತವೆಲ್ಲ ಒಂದೇ ಬದಿಯ ಗೋಡೆಯಲ್ಲಿದ್ದರೆ, ಬೋರ್‌ನ ಮೂಲ ಕೇಂದ್ರವನ್ನು ಕದಲಿಸದೆ ಆ ಗುಳಿಯನ್ನು ಅಳಿಸಲು ಎದುರು ಬದಿಯಲ್ಲೂ ಅಷ್ಟೇ ಕೊರೆಯಬೇಕು. ಆಗ ವ್ಯಾಸ 0.31 ಮಿ.ಮೀ., ಅಂದರೆ 12 ಥೌ ಹೆಚ್ಚಬೇಕಾಗುತ್ತದೆ. 10 ಥೌಗೆ ಕೊರೆದ ಮೇಲೂ ಗುಳಿಯ ಗುರುತು ಉಳಿಯುತ್ತದೆ, 20 ಥೌಗೆ ಹೋಗಲೇಬೇಕು. ಪಿಸ್ಟನ್ ಮೊದಲು ಕೊಳ್ಳಬೇಕು, ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಿಂದ ಅಳೆದು, ಈ ಇಂಜಿನ್‌ಗೆ ಬೇಕಾದ ಸುಮಾರು 3 ಥೌ ಅಂತರ ಬಿಟ್ಟು ಬೋರ್ ಕೊರೆಸಬೇಕು ಎಂದು ಅನುಭವಿ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕಾಗಿಯೇ. ಹಳೆಯ ಪಿಸ್ಟನ್ನಿನ ತಲೆಯ ಮೇಲೆ ಮುಂಚಿನ ಓವರ್‌ಸೈಜ್ ಅಂಕಿ ಇದೆಯೇ ಎಂದೂ ನೋಡಬೇಕು. ಈಗಾಗಲೇ 40 ಥೌ ಮುಟ್ಟಿದ ಬ್ಲಾಕ್ ಆಗಿದ್ದರೆ ಮತ್ತೆ ಕೊರೆಯುವುದಕ್ಕಿಂತ ಸ್ಲೀವ್ (ಹೊಸ ಒಳಕೊಳವೆ) ಹಾಕಿಸಿ ಮೂಲ ಅಳತೆಗೆ ಮರಳುವುದು ಸುರಕ್ಷಿತ.

ಇಷ್ಟರಲ್ಲಿ 'ಎಷ್ಟು' ತಿಳಿಯಿತು. 'ಯಾಕೆ' ಎಂಬುದಕ್ಕೆ ಬೋರ್‌ನ ಮೈಯನ್ನೇ ನೋಡಬೇಕು. ಮೇಲ್ಭಾಗ ಹೊಳಪಿಲ್ಲದೆ, ಸಣ್ಣ ಲಂಬ ಗೀರುಗಳಿಂದ ತುಂಬಿದ್ದು, ಮೊದಲ ರಿಂಗಿನ ಮುಖವೂ ಅದು ಕೂರುವ ತೋಡೂ ಉಳಿದ ರಿಂಗ್‌ಗಳಿಗಿಂತ ಬಹಳ ಹೆಚ್ಚು ಸವೆದಿದ್ದರೆ ಅಪರಾಧಿ ಧೂಳು. ನಮ್ಮ ಮಣ್ಣಿನ ರಸ್ತೆಗಳ ಧೂಳಿನಲ್ಲಿರುವ ಸಿಲಿಕಾ ಕಣ ಬೋರ್‌ನ ಕಬ್ಬಿಣಕ್ಕಿಂತ ಗಟ್ಟಿ. ಈ ಜೀಪಿನ ಏರ್ ಕ್ಲೀನರ್ ಆಯಿಲ್ ಬಾತ್ ಮಾದರಿಯದು. ಅದರ ಬಟ್ಟಲಿನಲ್ಲಿ ಎಣ್ಣೆ ಬತ್ತಿದ್ದರೆ, ಅಥವಾ ಅದರಿಂದ ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಹೋಸ್ ಸೀಳಿದ್ದರೆ, ಸೋಸದ ಗಾಳಿ ನೇರವಾಗಿ ಒಳಸೇರುತ್ತದೆ. ಆ ಹೋಸನ್ನು ಬದಲಿಸದೆ ಹೊಸ ಬೋರ್ ಮಾಡಿಸಿದರೆ ಹಾಕಿದ ಹಣವೆಲ್ಲ ಮತ್ತೆ ಧೂಳಿಗೆ ಹೋಗುತ್ತದೆ.

ಗೀರುಗಳಿಲ್ಲದೆ, ಮೇಲ್ಭಾಗ ನಯವಾಗಿ ಆದರೆ ಸಣ್ಣ ಸಣ್ಣ ಕುಳಿಗಳಿಂದ ಕೂಡಿ ಸವೆದಿದ್ದರೆ ಅದು ತಣ್ಣಗಿನ ಓಟದ ಫಲ. ಇಂಧನ ಉರಿದಾಗ ಹುಟ್ಟುವ ನೀರಿನ ಆವಿ, ಇಂಜಿನ್ ಕಾಯುವ ಮೊದಲೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಆಮ್ಲದೊಂದಿಗೆ ಬೆರೆತು ಲೋಹವನ್ನು ತಿನ್ನುತ್ತದೆ. ತೋಟದ ಜೀಪು ಮನೆಯಿಂದ ಕಣಕ್ಕೆ, ಕಣದಿಂದ ಕಾರ್ಮಿಕರ ಲೈನ್‌ಗೆ ಒಂದೆರಡು ಕಿಲೋಮೀಟರ್ ಓಡಿ ನಿಲ್ಲುವಂಥದ್ದು. ಅದರ ಮೇಲೆ, ಇಂಜಿನ್ ಬಿಸಿಯಾಗಬಾರದೆಂದು ಇಂಜಿನ್ ಕಾಯುವವರೆಗೆ ನೀರಿನ ಹರಿವನ್ನು ತಡೆಯುವ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಇಂಜಿನ್ನನ್ನು ಕಾಪಾಡುತ್ತೇವೆಂಬ ನಂಬಿಕೆಯಿಂದಲೇ ಮಾಡುವ ಈ ಕೆಲಸ ಬೋರ್‌ಗೆ ಮಾಡುವ ಹಾನಿ ದೊಡ್ಡದು. ಥರ್ಮೋಸ್ಟಾಟ್ ಮನೆ ಖಾಲಿಯಿದ್ದರೆ ಪರೀಕ್ಷೆಯ ಪುಸ್ತಕದಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಪಿಸ್ಟನ್ನಿನ ಮೈಮೇಲಿನ ಉಜ್ಜಿದ ಗುರುತು ನೇರವಾಗಿರದೆ, ಒಂದು ಬದಿಯಲ್ಲಿ ಮೇಲೆ ಎಡಕ್ಕೂ ಎದುರು ಬದಿಯಲ್ಲಿ ಕೆಳಗೆ ಬಲಕ್ಕೂ ಓರೆಯಾಗಿ ಬಿದ್ದಿದ್ದರೆ, ಕನೆಕ್ಟಿಂಗ್ ರಾಡ್ ಬಾಗಿದೆ. ಅದೇ ರಾಡಿನ ಬೇರಿಂಗನ್ನು ತೆಗೆದು ನೋಡಿದರೆ ಮೇಲಿನ ಅರ್ಧ ಒಂದು ಅಂಚಿನಲ್ಲೂ ಕೆಳಗಿನ ಅರ್ಧ ಎದುರಿನ ಅಂಚಿನಲ್ಲೂ ಸವೆದಿರುತ್ತದೆ. ಎರಡು ಬೇರೆ ಬೇರೆ ಭಾಗಗಳು ಒಂದೇ ಮಾತನ್ನು ಹೇಳಿದಾಗ ಅದನ್ನು ನಂಬಬಹುದು. ಭಾಗಗಳನ್ನು ಸಾಲಾಗಿ ಜೋಡಿಸಿಡಬೇಕೆಂದು ಮೊದಲೇ ಹೇಳಿದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ. ಇನ್ನೊಂದು ವಿಶೇಷವೆಂದರೆ, ಈ ಇಂಜಿನ್ನಿನಲ್ಲಿ ಪಿಸ್ಟನ್ ಪಿನ್ನನ್ನು ರಾಡಿನ ಮೇಲ್ತುದಿ ಸ್ಕ್ರೂ ಬಿಗಿದು ಹಿಡಿದುಕೊಳ್ಳುತ್ತದೆ. ಪಿನ್ ತಿರುಗುವುದು ಪಿಸ್ಟನ್ನಿನ ಕಿವಿಗಳಲ್ಲಿ ಮಾತ್ರ, ಆದ್ದರಿಂದ ಆಟ ಹುಡುಕಬೇಕಾದದ್ದೂ ಅಲ್ಲೇ.

ಕ್ರ್ಯಾಂಕ್, ಬೇರಿಂಗ್ ಮತ್ತು ಎಣ್ಣೆಯ ಒತ್ತಡ

ಬೇರಿಂಗಿನ ಒಳಮೈ ಮೆತ್ತನೆಯ ಬಿಳಿ ಲೋಹದ್ದು. ಅದು ಕ್ರ್ಯಾಂಕ್‌ನ ಗಟ್ಟಿ ಉಕ್ಕನ್ನು ಉಳಿಸಲು ತಾನು ಸವೆಯುವಂತೆ, ಒಳಬಂದ ಕೊಳೆಯನ್ನು ತನ್ನೊಳಗೆ ಹುದುಗಿಸಿಕೊಳ್ಳುವಂತೆ ರೂಪಿಸಿದ್ದು. ಆದ್ದರಿಂದ ಇಂಜಿನ್ನಿನಲ್ಲಿ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇರೊಂದಿಲ್ಲ. ಸುತ್ತಲೂ ಗೆರೆಗೆರೆಯಾಗಿ ಗೀರಿದ್ದರೆ ಎಣ್ಣೆಯಲ್ಲಿ ಕೊಳೆಯಿತ್ತು. ಲೋಹ ಕರಗಿ ಬಳಿದಂತೆ ಹರಡಿದ್ದರೆ ಎಣ್ಣೆ ತಲುಪಿರಲಿಲ್ಲ. ಚೂರುಚೂರಾಗಿ ಎದ್ದು ಹೋಗಿದ್ದರೆ ಹೆಚ್ಚು ಭಾರ ಹೊತ್ತು ಲೋಹ ದಣಿದಿದೆ. ಮಧ್ಯದ ಮೇನ್ ಬೇರಿಂಗ್ ಮಾತ್ರ ಉಳಿದೆರಡಕ್ಕಿಂತ ಬಹಳ ಸವೆದಿದ್ದರೆ ಕ್ರ್ಯಾಂಕ್ ಬಾಗಿರುವ ಅನುಮಾನ ಬರಬೇಕು. ಎರಡು ತುದಿಗಳನ್ನು ವಿ-ಬ್ಲಾಕ್ ಮೇಲಿಟ್ಟು, ನಡುವಿನ ಜರ್ನಲಿಗೆ (ಬೇರಿಂಗಿನಲ್ಲಿ ತಿರುಗುವ ಭಾಗಕ್ಕೆ) ಡಯಲ್ ಗೇಜ್ ಹಿಡಿದು ತಿರುಗಿಸಿ ನೋಡಬೇಕು.

ಕ್ರ್ಯಾಂಕ್‌ನ ಮೇನ್ ಜರ್ನಲ್ ಸುಮಾರು 59.3 ಮಿ.ಮೀ., ರಾಡ್ ಜರ್ನಲ್ ಸುಮಾರು 49.2 ಮಿ.ಮೀ. ವ್ಯಾಸದ್ದು. ಇವುಗಳನ್ನೂ ಎರಡು ತುದಿಗಳಲ್ಲಿ, ಎರಡು ದಿಕ್ಕುಗಳಲ್ಲಿ ಅಳೆಯಬೇಕು. ವೃತ್ತ ಕೆಟ್ಟಿರುವುದು ಅಥವಾ ಟೇಪರ್ 1 ಥೌ ದಾಟಿದ್ದರೆ ಗ್ರೈಂಡ್ ಮಾಡಿಸಿ 10, 20 ಅಥವಾ 30 ಥೌ ಅಂಡರ್‌ಸೈಜ್ (ಕಿರಿದಾದ ಜರ್ನಲಿಗೆ ಹೊಂದುವ) ಬೇರಿಂಗ್ ಹಾಕಬೇಕು. ಗ್ರೈಂಡ್ ಮಾಡುವವರಿಗೆ ಮರೆಯದೆ ಹೇಳಬೇಕಾದ ಮಾತೆಂದರೆ, ಜರ್ನಲ್ ಮತ್ತು ಅದರ ಬದಿಯ ಗೋಡೆ ಸೇರುವ ಮೂಲೆಯ ಸಣ್ಣ ದುಂಡು ಬಾಗನ್ನು ಹಾಗೆಯೇ ಉಳಿಸಬೇಕು. ಅದನ್ನು ಚೂಪಾದ ಮೂಲೆಯಾಗಿ ಕಡಿದರೆ ಬಿರುಕು ಹುಟ್ಟುವುದು ಅಲ್ಲಿಂದಲೇ, ಕ್ರ್ಯಾಂಕ್ ಮುರಿಯುವುದೂ ಅಲ್ಲಿಂದಲೇ.

ಬೇರಿಂಗಿನ ಅಂತರ ಯಾಕೆ ಅಷ್ಟು ನಿರ್ಣಾಯಕ ಎಂಬುದನ್ನು ವಿವರವಾಗಿ ತಿಳಿಯುವುದು ಅಗತ್ಯ. ಜರ್ನಲ್ ಮತ್ತು ಬೇರಿಂಗ್ ನಡುವಿನ ಸಂದಿಯಲ್ಲಿ ಎಣ್ಣೆ ತುಂಬಿಕೊಂಡು, ಶಾಫ್ಟ್ ತಿರುಗುವಾಗ ಅದನ್ನು ತೇಲಿಸುತ್ತದೆ. ಈ ಸಂದಿಯಿಂದ ಸೋರಿಹೋಗುವ ಎಣ್ಣೆಯ ಪ್ರಮಾಣ ಅಂತರದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂತರ ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ. ಪಂಪ್ ಮಾತ್ರ ಮೊದಲಿನಷ್ಟೇ ಎಣ್ಣೆಯನ್ನು ತಳ್ಳುತ್ತಿರುವುದರಿಂದ ಒತ್ತಡ ಬೀಳುತ್ತದೆ, ಪಂಪಿನಿಂದ ದೂರದ ಬೇರಿಂಗ್ ಬರಿದಾಗುತ್ತದೆ. ಒತ್ತಡ ಕಡಿಮೆಯಾದಾಗ ಪಂಪನ್ನು ಬದಲಿಸುವುದೋ, ದಪ್ಪನೆಯ ಎಣ್ಣೆ ಹಾಕುವುದೋ ಮೇಲುಮೇಲಿನ ಉಪಾಯವಾಗುವುದು ಈ ಕಾರಣದಿಂದ. ಮಾರಾಟಕ್ಕಿರುವ ಇಂಜಿನ್ನನ್ನು ಓಡಿಸಿ ತೋರಿಸುವಾಗ ತಣ್ಣಗಿದ್ದಾಗಿನ ಒತ್ತಡವನ್ನು ನಂಬದೆ, ಅರ್ಧ ಗಂಟೆ ಓಡಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಐಡಲ್‌ನಲ್ಲಿ ಸುಮಾರು 10 ಪಿಎಸ್ಐ, ರಸ್ತೆ ವೇಗದಲ್ಲಿ 35ರ ಆಸುಪಾಸು ಇದೆಯೇ ಎಂದು ನೋಡಬೇಕು.

ಎಣ್ಣೆಯಲ್ಲಿ ಕೊಳೆಯಿತ್ತೆಂದು ಬೇರಿಂಗ್ ಹೇಳಿದರೆ ಅದರ ಮೂಲ ಹುಡುಕಬೇಕು. ಈ ಇಂಜಿನ್ನಿನ ಮೂಲ ಆಯಿಲ್ ಫಿಲ್ಟರ್ ಬೈಪಾಸ್ ಬಗೆಯದು. ಅಂದರೆ ಎಣ್ಣೆಯ ಒಂದು ಪಾಲು ಮಾತ್ರ ಸೋಸಲ್ಪಡುತ್ತದೆ, ಉಳಿದದ್ದು ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಸಂಪಿನೊಳಗೆ ಎಣ್ಣೆ ಹೀರುವ ಬಾಯಿಯು ತೇಲುವಂಥದ್ದು. ಕೆಸರು ತಳದಲ್ಲಿ ಕೂತು, ಮೇಲಿನ ತಿಳಿ ಎಣ್ಣೆ ಮಾತ್ರ ಪಂಪಿಗೆ ಹೋಗಲೆಂದು ಮಾಡಿದ ಜಾಣ ಏರ್ಪಾಡು ಅದು. ಆ ತೇಲುವ ಡಬ್ಬಿ ತೂತಾಗಿ ಎಣ್ಣೆ ತುಂಬಿಕೊಂಡರೆ ಬಾಯಿ ನೇರವಾಗಿ ಕೆಸರಿಗೇ ಇಳಿಯುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಎಣ್ಣೆ ಕುಲುಕುವ ಸದ್ದು ಕೇಳುತ್ತದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಹೊಸ ಬೇರಿಂಗ್ ಹಾಕುವುದು ದೊಡ್ಡ ನಷ್ಟ.

ಕೊನೆಯದಾಗಿ ಕ್ರ್ಯಾಂಕ್ ಹಿಂದೆ ಮುಂದೆ ಆಡುವ ಎಂಡ್ ಪ್ಲೇ. ಇದು 4ರಿಂದ 6 ಥೌ ಇರಬೇಕು. ಮುಂಭಾಗದ ಥ್ರಸ್ಟ್ ವಾಷರಿನ ಹಿಂದಿನ ತೆಳು ಶಿಮ್‌ಗಳಿಂದ ಅದನ್ನು ಸರಿಹೊಂದಿಸಬಹುದು. ಇದು ಹೆಚ್ಚಿದ್ದರೆ ಕ್ಲಚ್ ಪೆಡಲ್ ಮೇಲೆ ಸದಾ ಕಾಲಿಟ್ಟು ಓಡಿಸಿದ ಚಾಲಕನೋ, ಕ್ಲಚ್ಚಿನ ತಪ್ಪು ಹೊಂದಿಕೆಯೋ ಕಾರಣವಾಗಿರಬಹುದು.

ಬ್ಲಾಕ್‌ನ ಬಿರುಕು, ವಾಲ್ವ್ ಸೀಟ್

ಅಳತೆಯ ಕ್ರಮದಲ್ಲಿ ಇದನ್ನು ಕೊನೆಗೆ ಬರೆಯುತ್ತಿದ್ದರೂ, ಹಣ ಖರ್ಚಿನ ಕ್ರಮದಲ್ಲಿ ಇದೇ ಮೊದಲು. ಪಿಸ್ಟನ್, ರಿಂಗ್, ಬೇರಿಂಗ್ ಹೊಸದಾಗಿ ಸಿಗುತ್ತವೆ. ಒಡೆದ ಬ್ಲಾಕ್‌ಗೆ ಬದಲಿ ಹುಡುಕುವುದೆಂದರೆ ಇನ್ನೊಂದು ಗುಜರಿ ಯಾತ್ರೆ. ಹರಿಕೇನ್‌ನಲ್ಲಿ ಎಕ್ಸಾಸ್ಟ್ ವಾಲ್ವ್‌ಗಳು ಬ್ಲಾಕ್‌ನಲ್ಲಿರುವುದರಿಂದ ಅತಿ ಹೆಚ್ಚು ಶಾಖ ಬ್ಲಾಕ್‌ನ ಒಂದು ಸಣ್ಣ ಜಾಗದಲ್ಲಿ ಸೇರಿಕೊಳ್ಳುತ್ತದೆ. ಎಕ್ಸಾಸ್ಟ್ ಸೀಟಿನಿಂದ ಬೋರ್ ಕಡೆಗೆ ಹರಿಯುವ ಕೂದಲೆಳೆಯ ಬಿರುಕು ಈ ಕುಟುಂಬದ ಇಂಜಿನ್‌ಗಳ ಹಳೆಯ ಕಾಯಿಲೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಚೆನ್ನಾಗಿ ಶುಚಿ ಮಾಡಿ, ಕೆಂಪು ಡೈ ಪೆನೆಟ್ರೆಂಟ್ ಸಿಂಪಡಿಸಿ, ಕಾದು, ಒರೆಸಿ, ಬಿಳಿ ಡೆವಲಪರ್ ಹಾಕಿದರೆ ಬಿರುಕಿನೊಳಗೆ ಉಳಿದ ಕೆಂಪು ಬಣ್ಣ ಗೆರೆಯಾಗಿ ಮೇಲೆ ಬರುತ್ತದೆ. ಬಿರುಕು ಬ್ಲಾಕ್‌ನೊಳಗೆ ತಣಿಸುವ ನೀರು ಹರಿಯುವ ಜಾಕೆಟ್ಟಿಗೆ ತಲುಪಿದೆಯೇ ಎಂದು ತಿಳಿಯಲು ಒತ್ತಡದ ಪರೀಕ್ಷೆ ಬೇಕು. ಹೆಡ್ ಮಾತ್ರ ಪರೀಕ್ಷಿಸಿ ಬ್ಲಾಕನ್ನು ಬಿಡುವುದು ಇಂದಿನ ಕಾರುಗಳಿಂದ ಬಂದ ಅಭ್ಯಾಸ, ಈ ಇಂಜಿನ್‌ಗೆ ಅದು ಸಾಲದು.

ಬಿರುಕಿನ ಕಾರಣ ಹೆಚ್ಚಾಗಿ ಜಾಕೆಟ್ಟಿನೊಳಗೇ ಇರುತ್ತದೆ. ಬದಿಯ ತೂತುಗಳನ್ನು ಮುಚ್ಚಿರುವ ಕೋರ್ ಪ್ಲಗ್‌ಗಳನ್ನು ಕಿತ್ತು ನೋಡಿದರೆ, ವಾಟರ್ ಪಂಪಿನಿಂದ ದೂರದ ನಾಲ್ಕನೆಯ ಸಿಲಿಂಡರಿನ ಸುತ್ತ ತುಕ್ಕು ಮತ್ತು ಸುಣ್ಣದ ಕೆಸರು ಗಟ್ಟಿಯಾಗಿ ಕೂತಿರುವುದು ಕಾಣಬಹುದು. ಅದನ್ನು ಕೊರೆದು ತೆಗೆಯದೆ ಬಿಟ್ಟರೆ ದುರಸ್ತಿಯಾದ ಬಿರುಕು ಮತ್ತೆ ಬಾಯಿಬಿಡುತ್ತದೆ.

ವಾಲ್ವ್ ಸೀಟಿನ ವಿಷಯದಲ್ಲಿ ಕಾಲದ ಬದಲಾವಣೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಇಂಜಿನ್ ದುಡಿದ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು; ಅದು ಉರಿದು ಉಳಿದ ಪದರ ಎಕ್ಸಾಸ್ಟ್ ವಾಲ್ವ್ ಮತ್ತು ಸೀಟಿನ ನಡುವೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. 2000ದಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ಸಿಗುತ್ತಿದೆ. ಮೆತ್ತೆ ಇಲ್ಲದಾಗ ಕಾದ ವಾಲ್ವ್ ಮೆದು ಕಬ್ಬಿಣದ ಸೀಟಿಗೆ ಸೂಕ್ಷ್ಮವಾಗಿ ಬೆಸೆದುಕೊಂಡು, ಏಳುವಾಗ ಕಣಗಳನ್ನು ಕಿತ್ತುಕೊಂಡು ಏಳುತ್ತದೆ. ಸೀಟು ಕ್ರಮೇಣ ಕೆಳಗಿಳಿದು ಟ್ಯಾಪೆಟ್ ಅಂತರ ಮಾಯವಾಗುತ್ತದೆ. ಸೀಟುಗಳು ಗಟ್ಟಿ ಲೋಹದ ಇನ್ಸರ್ಟ್ ಆಗಿವೆಯೇ, ಅವು ಸಡಿಲವಾಗಿಲ್ಲವೇ, ಹಿಂದೆ ಯಾರಾದರೂ ಕಿತ್ತು ಬ್ಲಾಕ್‌ನ ಕಬ್ಬಿಣದಲ್ಲೇ ಸೀಟು ಕೊರೆದಿದ್ದಾರೆಯೇ ಎಂದು ನೋಡಬೇಕು. ಈಗಿನ ಪೆಟ್ರೋಲಿಗೆ ಸೇರಿಸುವ ಎಥನಾಲ್ ಹಳೆಯ ರಬ್ಬರಿಗೆ ಒಗ್ಗದಿರುವುದರಿಂದ ಇಂಧನ ಪಂಪಿನ ಡಯಾಫ್ರಾಮ್ ಮತ್ತು ಪೈಪುಗಳನ್ನು ಪರೀಕ್ಷೆಯಿಲ್ಲದೆಯೇ ಬದಲಿಸಬಹುದು.

ಕ್ಯಾಮ್ ಮತ್ತು ಟ್ಯಾಪೆಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟ್ಯಾಪೆಟ್ಟಿನ ಪಾದದಲ್ಲಿ ಕುಳಿ ಬಿದ್ದಿದ್ದರೆ ಅದರ ಎದುರಿನ ಕ್ಯಾಮ್ ಮೊನೆಯನ್ನೂ ಅಳೆಯಬೇಕು. ಸವೆದ ಕ್ಯಾಮ್ ಮೇಲೆ ಹೊಸ ಟ್ಯಾಪೆಟ್ ಬಾಳುವುದಿಲ್ಲ.

ಜೀಪು ಮತ್ತು ಇಂಜಿನ್ ಸೇರುವ ಜಾಗ

ಇಂಜಿನ್ ಮಾತ್ರ ಪರೀಕ್ಷಿಸಿದರೆ ಬದಲಾವಣೆಯ ಕೆಲಸ ಮುಗಿಯುವುದಿಲ್ಲ. ಡೀಸೆಲ್ ಕೂರಿಸಿದಾಗ ಜೀಪಿನಲ್ಲಿ ಏನೇನು ಕಡಿಯಲಾಯಿತು, ಏನೇನು ವೆಲ್ಡ್ ಮಾಡಲಾಯಿತು ಎಂದು ನೋಡಬೇಕು. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕ್‌ನ ತುದಿಯ ಪೈಲಟ್ ಬುಷ್‌ನಲ್ಲಿ ಕೂರುತ್ತದೆ. ಆ ಮೂತಿ ಸವೆದಿದ್ದರೆ, ಅಥವಾ ಇಂಜಿನ್ನಿಗೆ ಗೇರ್‌ಬಾಕ್ಸನ್ನು ಜೋಡಿಸುವ ಬೆಲ್ ಹೌಸಿಂಗಿನ ತೂತು ಕ್ರ್ಯಾಂಕ್‌ನ ಕೇಂದ್ರಕ್ಕೆ ಸರಿಯಾಗಿ ಹೊಂದದಿದ್ದರೆ, ಹೊಸ ಕ್ಲಚ್ ಪ್ಲೇಟಿನ ನಡುಭಾಗ ಬೇಗ ಒಡೆಯುತ್ತದೆ, ಗೇರ್ ಜಾರುತ್ತದೆ. ಫ್ಲೈವೀಲ್‌ಗೆ ಡಯಲ್ ಗೇಜ್ ಕಟ್ಟಿ, ಕ್ರ್ಯಾಂಕ್ ತಿರುಗಿಸಿ, ಹೌಸಿಂಗಿನ ತೂತಿನ ಒಳಮೈಯನ್ನು ಸುತ್ತಿ ನೋಡುವುದೊಂದೇ ಇದನ್ನು ತಿಳಿಯುವ ದಾರಿ.

ಫ್ಲೈವೀಲಿನ ರಿಂಗ್ ಗೇರ್ ಹಲ್ಲುಗಳನ್ನು ಎಣಿಸಬೇಕು. ಈ ಕುಟುಂಬದಲ್ಲಿ 97, 124, 129 ಹಲ್ಲುಗಳ ರಿಂಗ್ ಗೇರ್‌ಗಳಿವೆ. ಒಂದಕ್ಕೆ ಹೊಂದುವ ಸ್ಟಾರ್ಟರ್ ಇನ್ನೊಂದಕ್ಕೆ ಹೊಂದುವುದಿಲ್ಲ. ನಾಲ್ಕು ಸಿಲಿಂಡರಿನ ಇಂಜಿನ್ ಆರಿಸಿದಾಗಲೆಲ್ಲ ಕಂಪ್ರೆಷನ್ನಿನ ಎದುರು, ಎದುರುಬದುರಾದ ಎರಡು ಜಾಗಗಳಲ್ಲೊಂದರಲ್ಲಿ ನಿಲ್ಲುವುದರಿಂದ ಹಲ್ಲುಗಳು ಸವೆಯುವುದೂ ಆ ಎರಡು ಜಾಗಗಳಲ್ಲೇ. ಉಳಿದ ಹಲ್ಲುಗಳು ಚೆನ್ನಾಗಿದ್ದರೆ ರಿಂಗನ್ನು ಕಾಯಿಸಿ ತೆಗೆದು ಕಾಲು ಸುತ್ತು ತಿರುಗಿಸಿ ಮತ್ತೆ ಕೂರಿಸಬಹುದು.

ಎಲ್ಲ ಸೇರಿಸಿ, ಪಂಪಿಗೆ ಎಣ್ಣೆ ತುಂಬಿ, ಪ್ಲಗ್ ತೆಗೆದಿಟ್ಟು ಗೇಜಿನಲ್ಲಿ ಒತ್ತಡ ಏಳುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿದ ಮೇಲೆಯೇ ಇಂಜಿನ್ನಿಗೆ ಕಿಡಿ ಕೊಡಬೇಕು. ಸುಮಾರು 500 ಕಿಲೋಮೀಟರ್ ಓಡಿದ ಬಳಿಕ ಮೊದಲ ಎಣ್ಣೆಯನ್ನು ಬಿಸಿಯಿರುವಾಗಲೇ ಬಿಳಿ ಬಟ್ಟೆಯ ಮೂಲಕ ಸೋಸಿ, ಅದೇ ಅಯಸ್ಕಾಂತವನ್ನು ಮತ್ತೆ ಆಡಿಸಬೇಕು. ಹೊಸ ರಿಂಗ್ ಹೊಂದಿಕೊಳ್ಳುವಾಗ ಬರುವ ನುಣ್ಣನೆಯ ಕಬ್ಬಿಣದ ಪುಡಿ ಸಹಜ. ಬೂದು ಬಣ್ಣದ ಮೆತ್ತನೆಯ ಪದರ ಒಂದೇ ಒಂದು ಕಂಡರೂ ಜೀಪನ್ನು ಮುಂದೆ ಓಡಿಸದೆ, ಸಂಪ್ ಇಳಿಸಿ, ಬೇರಿಂಗಿನ ಅಳತೆ ಬರೆದಿಟ್ಟ ಪುಟವನ್ನು ಮತ್ತೆ ತೆರೆಯಬೇಕು.